ಗ್ರ್ಯಾಂಡ್ ಕ್ಯಾನ್ಯನ್, ಝಯಾನ್ ಕಡೆ ಒಂದು ದಿನದ ನಡಿಗೆಗೆ ಏನೇನು ಹೊರಬೇಕು? (ಮಾವನವರೂ ಜೊತೆಗಿದ್ದಾರೆ)

ಬಿಸಿಲುಕುದುರೆ
ಎಲ್ಲರಿಗೂ ನಮಸ್ಕಾರ. ನಾವಿರುವುದು ಡಲ್ಲಾಸ್‌ನಲ್ಲಿ. ಸೆಪ್ಟೆಂಬರ್ ಎರಡನೇ ವಾರ ಐದು ದಿನ ರಜೆ ಹಾಕಿ ಅರಿಜೋನಾ, ಯೂಟಾ ಕಡೆ ಹೊರಟಿದ್ದೇವೆ. ನಾನು, ನಮ್ಮನೆಯವರು, ಮೈಸೂರಿನಿಂದ ಬಂದಿರುವ ಮಾವನವರು. ಮಾವನವರಿಗೆ 64. ವಾರಕ್ಕೆ ಎರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ. ಬಿ.ಪಿ. ಮಾತ್ರೆ ಒಂದು ಬಿಟ್ಟರೆ ಗಟ್ಟಿ ಆಳು.

ಯೋಚನೆ ಹೀಗಿದೆ: ಮೊದಲ ದಿನ ಗ್ರ್ಯಾಂಡ್ ಕ್ಯಾನ್ಯನ್‌ನ ಸೌತ್ ಕೈಬಾಬ್ ದಾರಿ. ಆಮೇಲೆ ಪೇಜ್ ಊರಲ್ಲಿ ಆಂಟಿಲೋಪ್ ಕ್ಯಾನ್ಯನ್. ಆಮೇಲೆ ಯೂಟಾದ ಝಯಾನ್ ಪಾರ್ಕಿನಲ್ಲಿ ನ್ಯಾರೋಸ್, ಅಂದರೆ ನದಿಯೊಳಗೇ ನಡೆಯುವುದು. ಕೊನೆಗೆ ಎಸ್ಕಲಾಂಟೆ ಹತ್ತಿರ ಸ್ಪೂಕಿ ಅಂತ ಒಂದು ಇಕ್ಕಟ್ಟಿನ ಸೀಳು. ಎಲ್ಲವೂ ಬೆಳಿಗ್ಗೆ ಹೋಗಿ ಸಂಜೆ ವಾಪಸ್. ರಾತ್ರಿ ಹೋಟೆಲು.

ಕಾರ್ಟಲ್ಲಿ ಸದ್ಯಕ್ಕೆ ಇರುವುದು: 38 ಲೀಟರ್ ಬೆನ್ನುಚೀಲ, 3 ಲೀಟರಿನ ನೀರಿನ ಬ್ಲ್ಯಾಡರ್ (ಬೆನ್ನುಚೀಲದೊಳಗಿಟ್ಟು ಕೊಳವೆಯಲ್ಲಿ ಹೀರುವ ಚೀಲ), ಚರ್ಮದ ಎತ್ತರದ ಬೂಟು ಮೂರು ಜೊತೆ, ಫಿಲ್ಟರ್, ಊರುಗೋಲು, ಸಿಗ್ನಲ್ ಇಲ್ಲದಲ್ಲೂ ಸಂದೇಶ ಕಳಿಸುವ ಸ್ಯಾಟಲೈಟ್ ಯಂತ್ರ, ಒಂದು ಪುಟ್ಟ ಗ್ಯಾಸ್ ಒಲೆ (ಕಾಫಿಗೆ, ನಗಬೇಡಿ). ಒಟ್ಟು 740 ಡಾಲರ್. ನಮ್ಮನೆಯವರು ಮೊತ್ತ ನೋಡಿ ಮಾತು ನಿಲ್ಲಿಸಿದ್ದಾರೆ. ಇದರಲ್ಲಿ ಯಾವುದು ಬೇಕು, ಯಾವುದು ಬೇಡ?

ಇನ್ನೊಂದು. ಗ್ರ್ಯಾಂಡ್ ಕ್ಯಾನ್ಯನ್ ವಿಷಯಕ್ಕೆ ಮಾವನವರು "ಅಷ್ಟು ದೂರ ಹೋಗಿ ಕೆಳಗಿನ ನದಿ ಮುಟ್ಟದೆ ಬರೋದಾ?" ಅಂತ ಹಟ ಹಿಡಿದಿದ್ದಾರೆ. ಒಂದೇ ದಿನದಲ್ಲಿ ಆಗುತ್ತಾ?

ಜಿಪುಣಾಗ್ರೇಸರ
ಒಲೆ ತೆಗೀರಿ. ಫ್ಲಾಸ್ಕಲ್ಲಿ ಫಿಲ್ಟರ್ ಕಾಫಿ ಹಾಕ್ಕೊಂಡು ಹೋಗಿ. 60 ಡಾಲರ್ ಉಳಿಯಿತು. ಮುಂದಿನವರು ಬನ್ನಿ.

ಟೆಂಪೆ ಅಕ್ಕ
ಮೊದಲು ನದಿ ವಿಷಯ. ಆಗಲ್ಲ. ಬೇಡವೇ ಬೇಡ. ದಾರಿ ಶುರುವಾಗುವಲ್ಲೇ ಪಾರ್ಕಿನವರು ಬೋರ್ಡ್ ಹಾಕಿದ್ದಾರೆ: ಒಂದೇ ದಿನದಲ್ಲಿ ನದಿಗೆ ಇಳಿದು ವಾಪಸ್ ಬರಲು ನೋಡಬೇಡಿ ಅಂತ. ಸುಮ್ನೆ ಹೆದರಿಸಲು ಹಾಕಿದ್ದಲ್ಲ. ನಾನು ಹದಿನಾಲ್ಕು ವರ್ಷದಿಂದ ಅರಿಜೋನಾದಲ್ಲಿದ್ದೇನೆ, ಪ್ರತಿ ವರ್ಷ ಹೋಗುತ್ತೇನೆ. ಕೆಳಗಿಂದ ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಬರುವುದನ್ನು ಕಣ್ಣಾರೆ ನೋಡಿದ್ದೇನೆ.

ನಮ್ಮವರು ತಪ್ಪುವುದು ಒಂದೇ ಕಡೆ. ನಮಗೆ ಬೆಟ್ಟ ಅಂದರೆ ಮೊದಲು ಹತ್ತುವುದು. ಸುಸ್ತಾದರೆ ತಿರುಗಿ ಇಳಿಯುತ್ತೇವೆ. ಕುಮಾರ ಪರ್ವತವೂ ಹಾಗೆ, ಚಾಮುಂಡಿ ಬೆಟ್ಟವೂ ಹಾಗೆ. ಇಲ್ಲಿ ಉಲ್ಟಾ. ಬೆಳಿಗ್ಗೆ ತಂಪು ಹೊತ್ತಲ್ಲಿ, ಹೊಸ ಕಾಲಲ್ಲಿ ಇಳಿಯುತ್ತೀರಿ. ಖುಷಿಯಾಗಿ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅನ್ನಿಸುತ್ತೆ. ಕಾಲು ಸೋತ ಮೇಲೆ, ಬಿಸಿಲು ನೆತ್ತಿಗೆ ಬಂದ ಮೇಲೆ ಹತ್ತು ಅನ್ನುತ್ತದೆ ಕ್ಯಾನ್ಯನ್. ಇಳಿಯಲು ಒಂದು ಗಂಟೆ ಹಿಡಿದರೆ ಹತ್ತಲು ಎರಡು ಗಂಟೆ ಇಟ್ಟುಕೊಳ್ಳಿ.

ಮಾವನವರ ಜೊತೆ ಅದೇ ದಾರಿಯ ಸೀಡರ್ ರಿಜ್ ಅನ್ನೋ ಜಾಗದ ತನಕ ಹೋಗಿ. ಒಂದೂವರೆ ಮೈಲಿ, ಸುಮಾರು 1,100 ಅಡಿ ಇಳಿತ. ಅಲ್ಲಿ ಟಾಯ್ಲೆಟ್ ಇದೆ, ನೀರಿಲ್ಲ. ಸೌತ್ ಕೈಬಾಬ್ ದಾರಿಯಲ್ಲಿ ಎಲ್ಲೂ ನೀರಿಲ್ಲ, ನೆರಳೂ ಅಷ್ಟಕ್ಕಷ್ಟೆ. ದಾರಿ ಶುರುವಾಗುವಲ್ಲಿಗೆ ಒಯ್ಯುವ ಪಾರ್ಕಿನ ಬಸ್ಸು ಹತ್ತುವ ಮುಂಚೆಯೇ ಎಲ್ಲ ಬಾಟಲಿ ತುಂಬಿಸಿ.

ಮಲ್ನಾಡ್ ಗಿಡ್ಡ
ಅಕ್ಕ, ಒಂದೂವರೆ ಮೈಲಿಗೆ ಇಷ್ಟು ಭಯನಾ? ನಮ್ಮ ಕಡೆ ಹುಡುಗರು ಕುಮಾರ ಪರ್ವತಕ್ಕೆ ಚಪ್ಪಲಿಯಲ್ಲಿ ಹೋಗಿಬರ್ತಾರೆ. ಅಮೆರಿಕದವರಿಗೆ ಎಲ್ಲಕ್ಕೂ ಬೋರ್ಡು, ಎಲ್ಲಕ್ಕೂ ಗೇರು, ಅಂದ್ರೆ ಸಾಮಾನು.

ಟೆಂಪೆ ಅಕ್ಕ
@ಮಲ್ನಾಡ್ ಗಿಡ್ಡ ಚಪ್ಪಲಿಯಲ್ಲಿ ಹೋದವರನ್ನು ನೀವು ನೋಡಿದ್ದೀರಿ, ಆ ದಾರಿ ಮಧ್ಯೆ ಗಿರಿಗದ್ದೆಯಲ್ಲಿ ಭಟ್ಟರ ಮನೆ ಊಟವೂ ಮಾಡಿದ್ದೀರಿ. ಇಲ್ಲಿ ಭಟ್ಟರ ಮನೆ ಇಲ್ಲಪ್ಪ. ಸೌತ್ ರಿಮ್, ಅಂದರೆ ದಾರಿ ಶುರುವಾಗುವ ದಕ್ಷಿಣದ ಅಂಚು, ಇರುವುದೇ ಸುಮಾರು 7,000 ಅಡಿ ಎತ್ತರದಲ್ಲಿ. ನೀವು ಕಾರಿಂದ ಇಳಿಯುವ ಜಾಗವೇ ಮುಳ್ಳಯ್ಯನಗಿರಿ ತುದಿಗಿಂತ ಮೇಲಿದೆ. ಗಾಳಿ ತೆಳು. ಬೆವರು ಬಂದದ್ದೇ ಗೊತ್ತಾಗಲ್ಲ, ಚರ್ಮದ ಮೇಲೆ ಒಣಗಿ ಉಪ್ಪಾಗಿರುತ್ತೆ. ನಮ್ಮ ಕಾಡಿನಲ್ಲಿ ಬೆವರು ಇಳಿದು ಅಂಗಿ ಒದ್ದೆ ಆದಾಗ "ಓ, ನೀರು ಕುಡಿಯಬೇಕು" ಅಂತ ನೆನಪಾಗುತ್ತೆ. ಇಲ್ಲಿ ಆ ಗಂಟೆ ಹೊಡೆಯೋದೇ ಇಲ್ಲ.

ಪದಬಂಧ
ಮಜಾ ಏನು ಗೊತ್ತಾ, ಕೆಳಗೆ ನದಿ ಇರುವ ಮಟ್ಟ ಸಮುದ್ರದಿಂದ ಸುಮಾರು 2,400 ಅಡಿ. ಹೆಚ್ಚುಕಮ್ಮಿ ಮೈಸೂರಿನ ಎತ್ತರ. ಮಾವನವರಿಗೆ ಹೇಳಿ, ಅವರು ಕೇಳ್ತಿರೋದು ವಾಪಸ್ ಮೈಸೂರಿಗೆ ಇಳಿಯೋಕೆ ಅಂತ.

ಬಿಸಿಲುಕುದುರೆ
😂 ಇದನ್ನ ಹೇಳಿದೆ. "ಹಾಗಾದ್ರೆ ಬಸ್ ಇರಬೇಕಲ್ಲ" ಅಂದರು.

ಗೇರ್ ಗುಂಡ
ಈಗ ಗೇರ್‌ಗೆ ಬರೋಣ. ನನ್ನ ಇಷ್ಟದ ವಿಷಯ, ಉದ್ದ ಆದರೆ ಕ್ಷಮಿಸಿ.

38 ಲೀಟರ್ ಬ್ಯಾಗ್ ಬೇಡ. ಖಾಲಿ ಜಾಗ ಇದ್ದರೆ ತುಂಬಿಸುತ್ತೀರಿ, ಅದು ಮನುಷ್ಯನ ಗುಣ. 18ರಿಂದ 22 ಲೀಟರ್ ಧಾರಾಳ ಸಾಕು. ಸೊಂಟಕ್ಕೆ ಪಟ್ಟಿ ಇರಲಿ, ಅದು ಬರೀ ದಾರದಂಥದ್ದಲ್ಲ, ಸ್ವಲ್ಪ ಅಗಲದ್ದು. ಯಾಕೆಂದರೆ ನೀವು ಹೊರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಲೀಟರಿಗೆ ಒಂದು ಕೆಜಿ. ತಲೆಗೆ ಮೂರು ಲೀಟರ್ ಅಂದರೆ ಮೂರು ಕೆಜಿ. ಇದರಲ್ಲಿ ಉಳಿತಾಯ ಮಾಡಬೇಡಿ, ಉಳಿದ ಎಲ್ಲದರಲ್ಲೂ ಮಾಡಿ.

ಬ್ಲ್ಯಾಡರ್ ಒಳ್ಳೆಯದೇ, ಆದರೆ ಒಂದು ಕಷ್ಟ: ಎಷ್ಟು ಉಳಿದಿದೆ ಅಂತ ಕಾಣಲ್ಲ. ಸೊರ್ರ್ ಅಂತ ಗಾಳಿ ಎಳೆದಾಗಲೇ ಗೊತ್ತಾಗೋದು, ಖಾಲಿ. ನಾನು ಎರಡು ಲೀಟರ್ ಅದರಲ್ಲಿ, ಒಂದು ಲೀಟರ್ ಪಕ್ಕದ ಜೇಬಿನ ಬಾಟಲಿಯಲ್ಲಿ ಇಡುತ್ತೇನೆ. ಬಾಟಲಿಯದ್ದು ಹತ್ತುವಾಗಿನ ಮೀಸಲು. ಇಳಿಯುವಾಗ ಅದನ್ನು ಮುಟ್ಟಿದರೆ ಅಲ್ಲೇ ತಿರುಗುವುದು.

ಚರ್ಮದ ಬೂಟು ಬೇಡ. ಹೊಸದಾಗಿದ್ದರೆ ಅಂತೂ ಖಂಡಿತ ಬೇಡ, ಮೊದಲ ಗಂಟೆಗೇ ಬೊಬ್ಬೆ. ಹಿಡಿತ ಇರುವ ಹಗುರ ಟ್ರೇಲ್ ಶೂ ಸಾಕು, ಅರ್ಧ ಸೈಜ್ ದೊಡ್ಡದು ತಗೊಳ್ಳಿ. ಇಳಿಯುವಾಗ ಬೆರಳು ಮುಂದಕ್ಕೆ ಹೊಡೆದು ಉಗುರು ಕಪ್ಪಾಗುತ್ತೆ. ಹೊರಡುವ ಹಿಂದಿನ ದಿನ ಕಾಲಿನ ಉಗುರು ಕತ್ತರಿಸಿ. ಬಿಟ್ಟಿ ಗೇರ್ ಇದು.

ಕೋಲು ಇರಲಿ. ಮಂಡಿಗೆ ಒಳ್ಳೆಯದು.

ಹುಬ್ಳಿಯಂವ
ಉಗುರು ಕಟ್ ಮಾಡ್ಕೊಳ್ಳೋದು ಗೇರ್ ಆದ್ರ, ಸ್ನಾನ ಮಾಡೋದು ಏನ್ರೀ?

ಗೇರ್ ಗುಂಡ
ಅದು ಜೊತೆಗೆ ಬರುವವರ ಗೇರ್.

ಡಾಕ್ಟ್ರಮ್ಮ
ನೀರು ನೀರು ಅಂತ ಎಲ್ಲರೂ ಹೇಳುತ್ತಿದ್ದೀರಿ, ಉಪ್ಪಿನ ಬಗ್ಗೆ ಯಾರೂ ಎತ್ತಲಿಲ್ಲ. ಬೆವರಲ್ಲಿ ಉಪ್ಪೂ ಹೋಗುತ್ತೆ. ಏನೂ ತಿನ್ನದೆ ಬರೀ ನೀರು ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ. ತಲೆನೋವು, ವಾಕರಿಕೆ, ಕೊನೆಗೆ ಮಂಕು. ನೋಡಿದವರಿಗೆ ಬಿಸಿಲು ಹೊಡೆದ ಹಾಗೇ ಕಾಣುತ್ತೆ. "ಪಾಪ, ಇನ್ನೂ ಸ್ವಲ್ಪ ನೀರು ಕುಡಿಸಿ" ಅಂತ ಕುಡಿಸುತ್ತಾರೆ, ಇನ್ನೂ ಕೆಡುತ್ತೆ.

ಅದಕ್ಕೆ ದುಬಾರಿ ಪುಡಿ ಏನೂ ಬೇಡ. ಊರಿಂದ ತಂದ ಒ.ಆರ್.ಎಸ್. ಪೊಟ್ಟಣ ಇದ್ದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ, ಅರ್ಧ ಬಾಟಲಿಗೆ ಪೂರ್ತಿ ಪೊಟ್ಟಣ ಸುರಿಯಬೇಡಿ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಿಕ್ಕ ಚಮಚ, ತಲೆ ಸವರಿ. ಜೊತೆಗೆ ಉಪ್ಪುಪ್ಪು ತಿಂಡಿ ತಿನ್ನುತ್ತಿರಿ.

ಮಾವನವರ ಬಿ.ಪಿ. ಮಾತ್ರೆ ಯಾವುದು ಅಂತ ನೋಡಿ. ಕೆಲವು ಮಾತ್ರೆ ಮೂತ್ರ ಜಾಸ್ತಿ ಮಾಡಿಸುತ್ತವೆ. ಅಂಥದ್ದಾದರೆ ಬಿಸಿಲಿನ ನಡಿಗೆ, ಉಪ್ಪು ಎರಡರ ಬಗ್ಗೆಯೂ ಅವರ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ. ನೀವೇ ಮಾತ್ರೆ ನಿಲ್ಲಿಸಲು ಹೋಗಬೇಡಿ.

ಕುಂದಾಪ್ರ ಕುಳ್ಳ
ಉಪ್ಪಿಗೆ ಯಾಕೆ ಚಿಂತೆ ಮಾರಾಯ್ರೆ. ಚಪಾತಿಯೊಳಗೆ ಮಿಡಿ ಉಪ್ಪಿನಕಾಯಿ ಸುರುಳಿ ಸುತ್ತಿ. ನಾನು ಮೊದಲ ಸಲ ಗ್ರ್ಯಾಂಡ್ ಕ್ಯಾನ್ಯನ್‌ನ ಇನ್ನೊಂದು ದಾರಿ, ಬ್ರೈಟ್ ಏಂಜೆಲ್‌ನಲ್ಲಿ ಹೋದಾಗ ಡಬ್ಬಿ ತುಂಬ ಸಿಹಿ ಎನರ್ಜಿ ಬಾರ್ ಹಾಕ್ಕೊಂಡು ಹೋಗಿದ್ದೆ. ಬಿಸಿಲಲ್ಲಿ ಒಂದೂ ಗಂಟಲಲ್ಲಿ ಇಳಿಯಲಿಲ್ಲ. ಪಕ್ಕದಲ್ಲಿ ಒಬ್ಬ ಬಿಳಿ ಅಜ್ಜ ಕೂತು ಬರೀ ಉಪ್ಪು ಸೌತೆಕಾಯಿ ಮೆಲ್ಲುತ್ತಿದ್ದ. ಎಂಥ ಹೊಟ್ಟೆಕಿಚ್ಚಾಯ್ತು ಗೊತ್ತುಂಟಾ.

ಜಿಪುಣಾಗ್ರೇಸರ
ಕೋಡುಬಳೆ, ನಿಪ್ಪಟ್ಟು, ಹುರಿಗಡಲೆ, ಶೇಂಗಾ ಚಿಕ್ಕಿ. ಒಟ್ಟು ಖರ್ಚು ಎಂಟು ಡಾಲರ್. ಅತ್ತೆ ಊರಿಂದ ಕಳಿಸಿದ್ದರೆ ಸೊನ್ನೆ.

ಟೆಂಪೆ ಅಕ್ಕ
ತಿಂಡಿ ಇರಲಿ, ಆದರೆ ಅಳಿಲಿನ ಬಗ್ಗೆ ಎಚ್ಚರ. ನಗಬೇಡಿ. ಹುಲಿ ಚಿರತೆ ಅಲ್ಲ, ಅಲ್ಲಿ ಜನರನ್ನು ಜಾಸ್ತಿ ಕಚ್ಚುವ ಪ್ರಾಣಿ ಅದೇ. ಬ್ಯಾಗ್ ಕೆಳಗಿಟ್ಟು ಫೋಟೋ ತೆಗೆಯಲು ತಿರುಗಿದರೆ ಬಟ್ಟೆ ಕಡಿದು ಒಳಗೆ ಹೋಗಿರುತ್ತೆ. ತಿನ್ನಿಸಿದರೆ ದಂಡವೂ ಇದೆ.

ಸಾಲ್ಟ್‌ಲೇಕ್ ಸೀನ
ಯೂಟಾ ಕಡೆಯದ್ದು ನಾನು ಹೇಳುತ್ತೇನೆ. ಗೇರ್ ಎಲ್ಲ ಆಮೇಲೆ. ಮೊದಲು ಮೋಡ.

ಸೆಪ್ಟೆಂಬರ್ ಎರಡನೇ ವಾರ ಅಂದರೆ ಮಾನ್ಸೂನ್ ಬಾಲ ಇನ್ನೂ ಅಲ್ಲಾಡುತ್ತಿರುತ್ತೆ. ನೀವು ನಿಂತ ಜಾಗದಲ್ಲಿ ನೀಲಿ ಆಕಾಶ ಇರಬಹುದು, ಮೈಲಿಗಟ್ಟಲೆ ದೂರದಲ್ಲಿ ಸುರಿದ ಮಳೆ ಅದೇ ಸೀಳಿನಲ್ಲಿ ನಿಮ್ಮತ್ತ ಬರುತ್ತಿರಬಹುದು. 1997ರ ಆಗಸ್ಟ್‌ನಲ್ಲಿ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ ಹನ್ನೊಂದು ಜನ ಸತ್ತದ್ದು ಹಾಗೆ. 2015ರ ಸೆಪ್ಟೆಂಬರ್‌ನಲ್ಲಿ ಝಯಾನ್‌ನ ಕೀಹೋಲ್ ಕ್ಯಾನ್ಯನ್‌ನಲ್ಲಿ ಏಳು ಜನ. ನೀವು ಹೊರಟಿರುವ ತಿಂಗಳೇ, ನೋಡಿ.

ನೆಲ ಕುಡಿಯುವ ಮಣ್ಣಲ್ಲ, ಬಂಡೆ. ನಮ್ಮ ಕಡೆ ಹೊಳೆ ಏರುವುದು ಗಂಟೆಗಟ್ಟಲೆ ಕಾಣುತ್ತೆ. ಇಲ್ಲಿ ಹೆಂಚಿನ ಮೇಲೆ ಬಿದ್ದ ನೀರಿನ ಹಾಗೆ ಒಂದೇ ಸಲ ಜಾರಿ ಬರುತ್ತೆ, ಮರದ ದಿಮ್ಮಿ ಕಲ್ಲು ಎಲ್ಲ ಸೇರಿಸಿಕೊಂಡು. ಹವಾಮಾನ ಇಲಾಖೆ ದಿನಾ ಪ್ರವಾಹದ ಸಾಧ್ಯತೆಯನ್ನು ನಾಲ್ಕು ಹಂತದಲ್ಲಿ ಹೇಳುತ್ತೆ: ನಿರೀಕ್ಷೆ ಇಲ್ಲ, ಆಗಬಹುದು, ಆಗುವ ಸಂಭವ ಜಾಸ್ತಿ, ಆಗುತ್ತೆ. ಮೊದಲನೆಯದು ಇದ್ದರೆ ಮಾತ್ರ ನಾನು ಸೀಳಿನೊಳಗೆ ಕಾಲಿಡುವುದು. ನ್ಯಾರೋಸ್‌ನಲ್ಲಿ ನದಿ ಸೆಕೆಂಡಿಗೆ 150 ಘನ ಅಡಿ ದಾಟಿದರೆ ಅವರೇ ಮುಚ್ಚುತ್ತಾರೆ.

ನಡೆಯುವಾಗ ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಕಡ್ಡಿ ಎಲೆ ತೇಲಿಬಂದರೆ, ಮೇಲಿಂದ ಗುಡುಗಿನಂಥ ಸದ್ದು ಬಂದರೆ ಬ್ಯಾಗು ಕೋಲು ನೋಡದೆ ಎತ್ತರಕ್ಕೆ ಹತ್ತಿ. ಹೊರಗೆ ಓಡಿ ಪಾರಾಗುತ್ತೇನೆ ಅನ್ನಬೇಡಿ.

ಮಲ್ನಾಡ್ ಗಿಡ್ಡ
ಇದು ಮಾತ್ರ ನಿಜ. ನಮ್ಮಲ್ಲೂ ಮಳೆಗಾಲದಲ್ಲಿ ಜಲಪಾತದ ಕೆಳಗೆ ಆಡುವವರು ಹೀಗೇ ಹೋಗ್ತಾರೆ. ಮೇಲೆ ಘಟ್ಟದಲ್ಲಿ ಮಳೆ, ಕೆಳಗೆ ಬಿಸಿಲು. ನನ್ನ ಚಪ್ಪಲಿ ಮಾತು ವಾಪಸ್ ತಗೋತೀನಿ. ಅರ್ಧ.

ಬಿಸಿಲುಕುದುರೆ
ಸೀನ ಅವರೇ, ಓದಿ ಹೊಟ್ಟೆ ತೊಳೆಸಿತು. ಆದರೂ ಕೇಳುತ್ತೇನೆ, ನ್ಯಾರೋಸ್‌ಗೆ ಫಿಲ್ಟರ್ ಒಯ್ದರೆ ನದಿ ನೀರೇ ಕುಡಿಯಬಹುದಾ? ಭಾರ ಕಡಿಮೆ ಆಗುತ್ತೆ ಅಂತ.

ಸಾಲ್ಟ್‌ಲೇಕ್ ಸೀನ
ಬೇಡ. ಅಲ್ಲಿನ ವರ್ಜಿನ್ ನದಿಯಲ್ಲಿ ಸಯನೋಬ್ಯಾಕ್ಟೀರಿಯಾ ಇದೆ ಅಂತ 2020ರಿಂದ ಎಚ್ಚರಿಕೆ ಕೊಡುತ್ತಿದ್ದಾರೆ. ಅದರ ವಿಷ ಮಾಮೂಲಿ ಫಿಲ್ಟರಿನಲ್ಲಿ ನಿಲ್ಲಲ್ಲ, ಕುದಿಸಿದರೂ ಹೋಗಲ್ಲ. ತಲೆ ಮುಳುಗಿಸಬೇಡಿ, ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ. ನೀರು ಹೊತ್ತುಕೊಂಡೇ ಹೋಗಿ. ಫಿಲ್ಟರ್ ಕಾರ್ಟಿಂದ ಔಟ್.

ಅಲ್ಲಿಗೆ ಶೂ ಕೂಡ ಕೊಳ್ಳಬೇಡಿ. ಪಾರ್ಕ್ ಬಾಗಿಲಲ್ಲೇ ಸ್ಪ್ರಿಂಗ್‌ಡೇಲ್ ಊರಲ್ಲಿ ನೀರಿನ ಬೂಟು, ನಿಯೋಪ್ರೀನ್ (ರಬ್ಬರಿನಂಥ) ಸಾಕ್ಸ್, ದಪ್ಪ ಮರದ ಕೋಲು ಮೂರನ್ನೂ ಸೇರಿಸಿ ಬಾಡಿಗೆಗೆ ಕೊಡುತ್ತಾರೆ. ನೀರಿನ ತಳದಲ್ಲಿ ಪಿನ್ ಉರುಳಿಸುವ ಬೌಲಿಂಗ್ ಆಟದ ಚೆಂಡಿನ ಗಾತ್ರದ ನುಣುಪು ಕಲ್ಲುಗಳು, ನೀರು ಕಲಕಿದ್ದರೆ ಕಾಣಲ್ಲ. ತೆಳ್ಳನೆಯ ಅಲ್ಯೂಮಿನಿಯಂ ಕೋಲು ಎರಡು ಕಲ್ಲಿನ ನಡುವೆ ಸಿಕ್ಕಿ ಬಾಗುತ್ತೆ. ಆ ಮರದ ಕೋಲು ಗಟ್ಟಿ, ಅದರ ಮೇಲೆ ಪೂರ್ತಿ ಮೈಭಾರ ಹಾಕಿ ಮುಂದಿನ ಹೆಜ್ಜೆ ಹುಡುಕಬಹುದು.

ಗೇರ್ ಗುಂಡ
ಕಾಟನ್ ಬೇಡ ಅಂತ ಸೇರಿಸಿ. ಟ್ರೆಕ್ಕಿಂಗ್‌ನಲ್ಲಿ ಮೊದಲ ಪಾಠ. ಪಾಲಿಯೆಸ್ಟರ್ ಇಲ್ಲವೇ ಮೆರಿನೋ ಉಣ್ಣೆ.

ಟೆಂಪೆ ಅಕ್ಕ
@ಗೇರ್ ಗುಂಡ ಒಪ್ಪಲ್ಲ. ಅದು ಚಳಿ ಊರಿನ ಪಾಠ. ಒಣ ಬಿಸಿಲಲ್ಲಿ ಒದ್ದೆ ಹತ್ತಿ ಅಂಗಿಗಿಂತ ಒಳ್ಳೆಯ ಏರ್ ಕೂಲರ್ ಇಲ್ಲ. ನಿಧಾನ ಒಣಗುತ್ತೆ ಅನ್ನೋದೇ ಅದರ ಗುಣ. ಬ್ರೈಟ್ ಏಂಜೆಲ್‌ನಲ್ಲಿ ನಲ್ಲಿ ಸಿಕ್ಕಲ್ಲೆಲ್ಲ ಅಂಗಿ, ಟೋಪಿ ನೆನೆಸಿ ಹಾಕಿಕೊಳ್ಳುತ್ತೇನೆ, ಹದಿನೈದು ನಿಮಿಷ ಸ್ವರ್ಗ.

ಗೇರ್ ಗುಂಡ
ಮಧ್ಯಾಹ್ನ ಸರಿ. ಸಂಜೆ ಬಿಸಿಲು ಇಳಿದ ಮೇಲೆ 7,000 ಅಡಿಯಲ್ಲಿ ಅದೇ ಒದ್ದೆ ಅಂಗಿ?

ಟೆಂಪೆ ಅಕ್ಕ
ಸಂಜೆ ತನಕ ಅಲ್ಲೇ ಇದ್ದರೆ ಅಂಗಿಯದ್ದಲ್ಲ, ಪ್ಲಾನಿನದ್ದು ತಪ್ಪು. ಹತ್ತು ಗಂಟೆಯೊಳಗೆ ಮೇಲೆ ಬಂದು ದೋಸೆ ನೆನೆಸಿಕೊಂಡು ಕೂತಿರಬೇಕು.

ಸಾಲ್ಟ್‌ಲೇಕ್ ಸೀನ
ಇಬ್ಬರೂ ಸರಿ, ಜಾಗ ಬೇರೆ. ಗ್ರ್ಯಾಂಡ್ ಕ್ಯಾನ್ಯನ್ ಬಿಸಿಲಿಗೆ ಹತ್ತಿ. ನ್ಯಾರೋಸ್ ನೀರಲ್ಲಿ ಹತ್ತಿ ಬೇಡ, ಒಳಗೆ ಬಿಸಿಲೇ ಬೀಳಲ್ಲ, ಸೊಂಟದ ತನಕ ನೆನೆದು ನಡುಗುತ್ತೀರಿ. ಜೀನ್ಸ್ ಹಾಕಿಕೊಂಡು ನದಿಗೆ ಇಳಿದ ನಮ್ಮೂರ ಹುಡುಗನೊಬ್ಬನನ್ನು ನೋಡಿದ್ದೆ. ವಾಪಸ್ ಬರುವಾಗ ಎರಡು ಕಾಲಿಗೆ ಎರಡು ಮರಳುಮೂಟೆ ಕಟ್ಟಿದ ಹಾಗೆ ಎಳೆಯುತ್ತಿದ್ದ.

ಹುಬ್ಳಿಯಂವ
ಒಂದು ಡೌಟು. ಎಲ್ಲಾರೂ ಕ್ಯಾನ್ಯನ್ ಕ್ಯಾನ್ಯನ್ ಅಂತೀರಿ. ಕನ್ನಡದಾಗ ಏನಂತಾರ ಇದಕ್ಕ?

ಪದಬಂಧ
ಕಂದರ ಅಂತ ಪಠ್ಯಪುಸ್ತಕದಲ್ಲಿದೆ. ಕಮರಿ ಅಂತಲೂ ಬರೆಯುತ್ತಾರೆ, ಆದರೆ ಕಮರಿ ಅಂದರೆ ನನಗೆ ಬಸ್ಸು ಉರುಳಿ ಬೀಳುವ ಜಾಗವೇ ಕಣ್ಣಿಗೆ ಬರೋದು, ಪತ್ರಿಕೆ ಓದಿ ಓದಿ.

ಹುಬ್ಳಿಯಂವ
ನಮ್ಮ ಕಡೆ ಕೊಳ್ಳ ಅಂತೀವಿ. ಸವದತ್ತಿ ಏಳುಕೊಳ್ಳದ ಎಲ್ಲಮ್ಮ ಕೇಳಿಲ್ಲೇನು? ಅಲ್ಲೇ ನವಿಲುತೀರ್ಥದಾಗ ಮಲಪ್ರಭಾ ಗುಡ್ಡ ಕೊರದು ಹೊಂಟದ. ಸಣ್ಣದು, ಆದ್ರ ಕೊಳ್ಳನ. ಬಾದಾಮಿ ಕೆಂಪು ಬಂಡಿಗಲ್ಲು ನೋಡಿದವರಿಗೆ ಯೂಟಾ ಕಲ್ಲು ಹೊಸಾದಲ್ಲ.

ಪದಬಂಧ
ಕೊಳ್ಳ! ಎಷ್ಟು ಚಂದ. ಗ್ರ್ಯಾಂಡ್ ಕ್ಯಾನ್ಯನ್ ಅಂದರೆ ಹಿರಿಗೊಳ್ಳ. ಇವತ್ತಿಂದ ನಾನು ಹಾಗೇ ಬರೆಯೋದು.

ಜಿಪುಣಾಗ್ರೇಸರ
ಗಂಡಿಕೋಟಕ್ಕೆ ಹೋಗಿ ಅಂದಿದ್ದರೆ ಬೆಂಗಳೂರಿಂದ ಒಂದು ರಾತ್ರಿ ಬಸ್ಸಲ್ಲಿ ಮುಗೀತಿತ್ತು. ಪೆನ್ನಾ ನದಿ ಕೊಳ್ಳ, ಕೋಟೆ ಫ್ರೀ. ಮಾವನವರು ಸುಮ್ನೆ ವೀಸಾ ಮಾಡಿಸಿದರು.

ಬಿಸಿಲುಕುದುರೆ
ದಯವಿಟ್ಟು ವಿಷಯಕ್ಕೆ ಬನ್ನಿ 🙏 ಸ್ಪೂಕಿ ಬಗ್ಗೆ ಯಾರೂ ಹೇಳಲಿಲ್ಲ. ಸ್ಯಾಟಲೈಟ್ ಯಂತ್ರ ಬೇಕಾ?

ಸಾಲ್ಟ್‌ಲೇಕ್ ಸೀನ
ಸ್ಪೂಕಿಯ ಅತಿ ಸಣ್ಣ ಜಾಗ ಹತ್ತು ಇಂಚು ಆಸುಪಾಸು. ಪಕ್ಕಪಕ್ಕಕ್ಕೆ ಜರುಗಿಕೊಂಡು ಹೋಗಬೇಕು. ಬ್ಯಾಗನ್ನು ಬೆನ್ನಿಂದ ತೆಗೆದು ಕೈಯಲ್ಲಿ ತಲೆ ಮೇಲೆ ಹಿಡಿದು ನಡೆಯುತ್ತೀರಿ. ನಿಮ್ಮ 38 ಲೀಟರ್ ಅಲ್ಲೇ ಬಿರಡೆ ಹಾಕಿದ ಹಾಗೆ ಸಿಕ್ಕಿಕೊಳ್ಳುತ್ತೆ. ನನ್ನ ಹೊಟ್ಟೆಯೇ ಸಿಕ್ಕಿಕೊಂಡಿತ್ತು, ಉಸಿರು ಪೂರ್ತಿ ಬಿಟ್ಟು ಸರಿದೆ. ಹಿಂದೆ ಒಂದು ಜರ್ಮನ್ ಸಂಸಾರ ಕ್ಯೂ ನಿಂತಿತ್ತು.

ಅದಕ್ಕಿಂತ ದೊಡ್ಡ ತೊಂದರೆ ರಸ್ತೆ. ಹೆದ್ದಾರಿಯಿಂದ ಹೋಲ್-ಇನ್-ದ-ರಾಕ್ ರಸ್ತೆಯಲ್ಲಿ ಇಪ್ಪತ್ತೈದು ಮೈಲಿಗೂ ಜಾಸ್ತಿ ಹೋಗಬೇಕು, ಹೆಚ್ಚಿನದು ಮಣ್ಣು ದಾರಿ. ಮಳೆ ಬಂದರೆ ಜೇಡಿ, ಟೈರಿಗೆ ಹಿಡಿತವೇ ಸಿಗಲ್ಲ. ಬಾಡಿಗೆ ಕಾರಾದರೆ ಒಪ್ಪಂದದ ಕಾಗದ ಓದಿ, ಎಷ್ಟೋ ಕಡೆ ಮಣ್ಣು ರಸ್ತೆಗೆ ಒಯ್ಯಬಾರದು ಅಂತಿರುತ್ತೆ.

ನಡೆಯುವಾಗ ಕಪ್ಪಗೆ, ಪುಟ್ಟ ಗೋಪುರ ಗೋಪುರದಂತೆ ಉಬ್ಬಿದ ಮಣ್ಣು ಕಂಡರೆ ತುಳಿಯಬೇಡಿ. ಅದು ಜೀವ ಇರುವ ಮಣ್ಣು. ಒಂದು ಹೆಜ್ಜೆಗೆ ಮುರಿಯುತ್ತೆ, ಮತ್ತೆ ಕಟ್ಟಿಕೊಳ್ಳಲು ಹತ್ತಾರು ವರ್ಷ.

ಗೇರ್ ಗುಂಡ
ಯಂತ್ರದ ಬಗ್ಗೆ: ಐಫೋನ್ 14 ಇಲ್ಲವೇ ಅದರಿಂದೀಚಿನದು ಇದ್ದರೆ ಸ್ಯಾಟಲೈಟ್ ಎಸ್.ಒ.ಎಸ್. (ಆಪತ್ತಿನ ಸಂದೇಶ) ಅದರಲ್ಲೇ ಇದೆ. ಆದರೆ ಫೋನೇ ಆಗಲಿ ಯಂತ್ರವೇ ಆಗಲಿ, ಆಕಾಶ ಕಾಣಬೇಕು. ಇಕ್ಕಟ್ಟಿನ ಸೀಳಿನ ತಳದಲ್ಲಿ ಕಾಣುವುದು ಒಂದು ರಿಬ್ಬನ್ ಅಗಲದ ಆಕಾಶ, ಸಂದೇಶ ಹೋಗದೇ ಇರಬಹುದು. ಅದಕ್ಕೇ ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ಯಾರಿಗಾದರೂ ಬರೆದಿಟ್ಟು ಹೋಗಿ. ನಕ್ಷೆ ಫೋನಿಗೆ ಇಳಿಸಿಕೊಳ್ಳಿ. ತಲೆಗೆ ಕಟ್ಟುವ ಟಾರ್ಚ್ ತಲೆಗೊಂದು, ಹಗಲು ನಡಿಗೆ ಆದರೂ ಸರಿ.

ಜಿಪುಣಾಗ್ರೇಸರ
ಇನ್ನೊಂದು ಗುಟ್ಟು. ಕೆಲವು ಅಂಗಡಿಗಳು ಬಳಸಿದ್ದನ್ನೂ ವಾಪಸ್ ತಗೋತಾರೆ. ಎಲ್ಲ ಕೊಂಡು, ಟ್ರಿಪ್ ಮುಗಿಸಿ, ತೊಳೆದು...

ಡಾಕ್ಟ್ರಮ್ಮ
ಥೂ.

ಟೆಂಪೆ ಅಕ್ಕ
ಥೂ +1. ನಿಮ್ಮಂಥವರಿಂದಲೇ ನಾವು ಭಾರತೀಯರು ಕೌಂಟರಿಗೆ ಹೋದರೆ ಮುಖ ನೋಡುತ್ತಾರೆ.

ಜಿಪುಣಾಗ್ರೇಸರ
ಸರಿ, ಸರಿ. ಹೆಸರಿಗೆ ತಕ್ಕ ಹಾಗೆ ಇರಬೇಕಲ್ಲ ಅಂತ ಹೇಳಿದೆ.

ಬಿಸಿಲುಕುದುರೆ
ಕಾರ್ಟ್ ಈಗ: 20 ಲೀಟರ್ ಬ್ಯಾಗ್ ಎರಡು, ಬ್ಲ್ಯಾಡರ್ ಒಂದು, ಕೋಲು ಒಂದು ಜೊತೆ, ತಲೆ ಟಾರ್ಚ್. 210 ಡಾಲರ್. ಶೂ ಇದ್ದದ್ದೇ. ನಮ್ಮನೆಯವರು ಮತ್ತೆ ಮಾತಾಡುತ್ತಿದ್ದಾರೆ. ಮಾವನವರು ತಮ್ಮ ಕಪ್ಪು ಮಡಚುವ ಕೊಡೆ ತರುತ್ತೇನೆ ಅನ್ನುತ್ತಿದ್ದಾರೆ. ಬೇಡ ಅನ್ನಲಾ?

ಮಲ್ನಾಡ್ ಗಿಡ್ಡ
ಅಯ್ಯೋ, ಕೊಡೆ ಬೇಡ ಅನ್ಬೇಡಿ! ಮನೆ ಬಿಟ್ಟು ಹೊರಡೋದೇ ಹೇಗೆ ಕೊಡೆ ಇಲ್ಲದೆ?

ಟೆಂಪೆ ಅಕ್ಕ
ತರಲಿ. ಮರುಭೂಮಿಯಲ್ಲಿ ನೂರಾರು ಮೈಲಿ ನಡೆಯುವವರು ಬೆಳ್ಳಿ ಬಣ್ಣದ ಕೊಡೆಗೆ ದುಡ್ಡು ಕೊಟ್ಟು ಕೊಳ್ಳುತ್ತಾರೆ. ನೆರಳಿಲ್ಲದ ದಾರಿಗೆ ನೆರಳನ್ನೇ ಒಯ್ಯುವುದು. ಗಾಳಿ ಜೋರಿದ್ದರೆ, ಅಂಚಿನ ಹತ್ತಿರ, ಹೇಸರಗತ್ತೆ ಸಾಲು ಬಂದಾಗ ಮಾತ್ರ ಮಡಚಲಿ. ಹೇಸರಗತ್ತೆ ಬಂದರೆ ಗುಡ್ಡದ ಕಡೆಗೆ ಒತ್ತಿ ನಿಲ್ಲಬೇಕು, ಪ್ರಪಾತದ ಕಡೆಗಲ್ಲ.

ಮರೆತಿದ್ದೆ, ಗಡಿಯಾರ! ಅರಿಜೋನಾ ಬೇಸಿಗೆಯಲ್ಲಿ ಗಡಿಯಾರ ಮುಂದಿಡಲ್ಲ, ಯೂಟಾ ಇಡುತ್ತೆ, ಪಕ್ಕದ ಮೂಲನಿವಾಸಿಗಳ ನವಾಹೋ ಸೀಮೆಯೂ ಇಡುತ್ತೆ. ಪೇಜ್ ಊರಲ್ಲಿ ಫೋನು ಯಾವ ಟವರ್ ಹಿಡಿಯುತ್ತೋ ಆ ಹೊತ್ತು ತೋರಿಸುತ್ತೆ. ಆಂಟಿಲೋಪ್ ಟೂರ್‌ಗಳು ಅರಿಜೋನಾ ಹೊತ್ತಿನ ಪ್ರಕಾರ. ಕೈಗಡಿಯಾರ ಕಟ್ಟಿಕೊಳ್ಳಿ.

ಬಿಸಿಲುಕುದುರೆ (ಮೂರು ವಾರದ ನಂತರ)
ಬಂದೆವು, ಬದುಕಿದ್ದೇವೆ. ವರದಿ ಒಪ್ಪಿಸುತ್ತೇನೆ.

ಕೈಬಾಬ್: ಬೆಳಕು ಹರಿಯುವ ಹೊತ್ತಿಗೆ ದಾರಿಯ ತಲೆಯಲ್ಲಿದ್ದೆವು. ಸೀಡರ್ ರಿಜ್‌ಗೆ 55 ನಿಮಿಷ. ಮಾವನವರು ಅಲ್ಲಿ ನಿಂತು ಕೆಳಗೆ ನೋಡಿ, "ನದಿ ಇನ್ನೂ ಕಾಣಿಸ್ತಾನೇ ಇಲ್ವಲ್ಲ, ಇಷ್ಟು ಇಳಿದರೂ" ಅಂದರು. ಆಮೇಲೆ ನದಿ ಮಾತು ಎತ್ತಲಿಲ್ಲ. ಹತ್ತಲು ಎರಡು ಗಂಟೆ ಹತ್ತು ನಿಮಿಷ. ಮೂರನೇ ತಿರುವಿನಲ್ಲೇ ನನ್ನ ಕಾಲು ನಡುಗಿತು. ಅವರು ಕೊಡೆ ಬಿಡಿಸಿಕೊಂಡು, ಚಾಮುಂಡಿ ಬೆಟ್ಟದ ಲೆಕ್ಕದಲ್ಲಿ ನೂರು ಹೆಜ್ಜೆಗೊಂದು ನಿಲುವು ಅಂತ ಎಣಿಸಿಕೊಂಡು ಬಂದರು. ನಮ್ಮಿಬ್ಬರಿಗಿಂತ ಮುಂದೆ. ದಾರಿಯಲ್ಲಿ ಮೂರು ಜನ ಆ ಕೊಡೆ ಎಲ್ಲಿ ಕೊಂಡಿರಿ ಅಂತ ಕೇಳಿದರು. "ದೇವರಾಜ ಮಾರ್ಕೆಟ್" ಅಂತ ಹೇಳಿ ಮುಂದೆ ನಡೆದರು.

ಮಾತ್ರೆ ವಿಷಯ ಡಾಕ್ಟರಿಗೆ ಕೇಳಿದ್ದೆವು. ಥ್ಯಾಂಕ್ಸ್ ಡಾಕ್ಟ್ರಮ್ಮ, ಕೇಳಿದ್ದು ಒಳ್ಳೆಯದಾಯಿತು.

ಪೇಜ್‌ನಲ್ಲಿ ಫೋನ್ ಒಂದು ಗಂಟೆ ಮುಂದೆ ತೋರಿಸಿತು. ಅಕ್ಕ ಹೇಳಿದ್ದನ್ನು ಮರೆತು ಟೂರ್ ತಪ್ಪಿತು ಅಂತ ನಾನೂ ನಮ್ಮನೆಯವರೂ ಕಾರಲ್ಲೇ ಜಗಳ ಆಡಿದೆವು. ಹೋಗಿ ನೋಡಿದರೆ ಆಫೀಸು ಇನ್ನೂ ಬಾಗಿಲು ತೆಗೆದಿರಲಿಲ್ಲ. ಮಾವನವರ ಕೈಯಲ್ಲಿ ಗಡಿಯಾರ ಇತ್ತು. "ನೀವು ಕೇಳಲಿಲ್ಲ" ಅಂದರು.

ನ್ಯಾರೋಸ್: ನಾವು ಅಂದುಕೊಂಡ ದಿನ ಪ್ರವಾಹದ ಹಂತ ಮೂರನೆಯದಿತ್ತು. ಹೋಗಲಿಲ್ಲ. ಮಾರನೇ ದಿನ ಮೊದಲನೆಯದು, ಅವತ್ತು ಹೋದೆವು. ಮಾವನವರು ಸಿಮೆಂಟ್ ದಾರಿ ಮುಗಿಯುವ ತನಕ ಬಂದು, ಪ್ಯಾಂಟ್ ಮಡಚಿ ಪಾದ ಮುಳುಗಿಸಿ, "ನದಿ ಮುಟ್ಟಿದೆ, ಲೆಕ್ಕ ಚುಕ್ತಾ" ಅಂದರು. ನಾವಿಬ್ಬರು ಎರಡು ಗಂಟೆ ಒಳಗೆ ಹೋದೆವು. ಬಾಡಿಗೆ ಕೋಲು ಇಲ್ಲದಿದ್ದರೆ ಹತ್ತು ಸಲ ಬೀಳುತ್ತಿದ್ದೆ, ಇದ್ದದ್ದರಿಂದ ಎರಡೇ ಸಲ ಬಿದ್ದೆ.

ಸ್ಪೂಕಿ ಬಿಟ್ಟೆವು. ಕಾರಿನ ಕಾಗದದಲ್ಲಿ ಮಣ್ಣು ರಸ್ತೆ ಕೂಡದು ಅಂತಿತ್ತು, ಹಿಂದಿನ ದಿನ ಮಳೆಯೂ ಬಿದ್ದಿತ್ತು. ಬದಲಿಗೆ ಬ್ರೈಸ್ ಕ್ಯಾನ್ಯನ್‌ನಲ್ಲಿ ಕ್ವೀನ್ಸ್ ಗಾರ್ಡನ್, ನವಾಹೋ ಲೂಪ್ ಸೇರಿಸಿ ಸುಮಾರು ಮೂರು ಮೈಲಿ ನಡೆದೆವು.

ನಷ್ಟ ಒಂದೇ. ಸೀಡರ್ ರಿಜ್‌ನಲ್ಲಿ ಟಾಯ್ಲೆಟ್ಟಿಗೆ ಹೋಗುವಾಗ ಬ್ಯಾಗ್ ನಮ್ಮನೆಯವರ ಕೈಗೆ ಕೊಟ್ಟಿದ್ದೆ. ಅವರು ಕೆಳಗಿಟ್ಟರು. ಎರಡೇ ನಿಮಿಷ. ಹೊಸ ಬ್ಯಾಗಿನ ಮುಂದಿನ ಜೇಬಲ್ಲಿ ರೂಪಾಯಿ ನಾಣ್ಯದಷ್ಟು ತೂತು, ಒಳಗೆ ಕೋಡುಬಳೆ ಪುಡಿ ಪುಡಿ. ಅಳಿಲು ಒಂದು ಪೂರ್ತಿ ಬಳೆ ಬಾಯಲ್ಲಿ ಅಡ್ಡ ಕಚ್ಚಿಕೊಂಡು ಬಂಡೆ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು.

ಜಿಪುಣಾಗ್ರೇಸರ
ತೂತಾದ ಬ್ಯಾಗ್ ವಾಪಸ್ ತಗೋತಾರಾ?

ಡಾಕ್ಟ್ರಮ್ಮ
ಥೂ.

ಕುಂದಾಪ್ರ ಕುಳ್ಳ
ಖಾರದ ಕೋಡುಬಳೆಯಾ, ಬೆಣ್ಣೆ ಕೋಡುಬಳೆಯಾ? ಖಾರದ್ದಾದರೆ ಆ ಅಳಿಲಿನ ಗತಿ ಎಂಥ ಆಯ್ತೋ.

ಬಿಸಿಲುಕುದುರೆ
ಖಾರದ್ದು. ಅತ್ತೆ ಮಾಡಿದ್ದು. ಅದು ತಿಂದು ಮುಗಿಸಿ ಇನ್ನೊಂದಕ್ಕೆ ಬಂತು.